ಸೊಟ್ಟಗಿದೆಯೋ ನೆಟ್ಟಗಿದೆಯೋ? ವಸ್ತುಗಳ ಓರೆಯನ್ನು ಕಣ್ಣು ಗುರುತಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೋಡೆಯ ಮೇಲಿನ ಫೋಟೋ ಕೂದಲೆಳೆಯಷ್ಟು ವಾಲಿದರೂ ಕೆಲವರಿಗೆ ಸಮಾಧಾನ ಇರುವುದಿಲ್ಲ. ಎದ್ದು ಹೋಗಿ ಸರಿಮಾಡಿಯೇ ಬರುತ್ತಾರೆ. ನಾನೂ ಅವರಲ್ಲಿ ಒಬ್ಬ. ಈ ಗೀಳಿನಿಂದಲೇ ಈ ವಿಷಯ ಓದಲು ಶುರುಮಾಡಿದ್ದು. ಗೊತ್ತಿದ್ದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕೇ ಸಾಲು.

ವಸ್ತುವಿನ ‘ನಿಲುವು’ ಅಂದರೆ ಏನು?

ಅದು ಎತ್ತ ತಿರುಗಿದೆ, ಎಷ್ಟು ವಾಲಿದೆ ಅನ್ನೋದು. ಬರೀ ಗೆರೆಯಾದರೆ 180 ಡಿಗ್ರಿಯಲ್ಲಿ ಲೆಕ್ಕ ಮುಗಿಯುತ್ತದೆ. ಅಷ್ಟು ತಿರುಗಿಸಿದರೆ ಗೆರೆ ಮೊದಲಿದ್ದಂತೆಯೇ ಕಾಣುತ್ತದೆ. ಬಾಣಕ್ಕೆ ಮೂತಿ ಇದೆ, ಹಾಗಾಗಿ ಅದಕ್ಕೆ 360 ಬೇಕು. ಕುರ್ಚಿ, ಬಟ್ಟಲು, ಮುಖದಂಥವು ನಮ್ಮ ಕಡೆಗೂ ಬಾಗಬಹುದು, ಆಚೆಗೂ ಬಾಗಬಹುದು. ಅಲ್ಲಿಗೆ ಲೆಕ್ಕ ಇನ್ನಷ್ಟು ಗೋಜಲು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಓರೆ ಅನ್ನೋದು ಒಂಟಿಯಾಗಿ ಇರುವುದಿಲ್ಲ. ಯಾವುದಕ್ಕೆ ಹೋಲಿಸಿ ಓರೆ? ನೆಲಕ್ಕಾ, ಗೋಡೆಗಾ, ನಮ್ಮ ತಲೆಗಾ? ಕೆಳಗಿನ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದಂತೆ. ಹಾಗಾದರೆ ನಮಗೆ ನೆಟ್ಟಗೆ ಕಾಣೋದು ಹೇಗೆ?

ಎಲ್ಲರಿಗಿಂತ ಮೊದಲು ಕೇಳುವ ಪ್ರಶ್ನೆ ಇದು. ರೆಟಿನಾ ಅಂದರೆ ಕಣ್ಣಿನ ಹಿಂಬದಿಯ ಪರದೆ. ಅದರ ಮೇಲೆ ಬೀಳುವ ಬಿಂಬ ತಲೆಕೆಳಗು ಅಂತ 1604ರಲ್ಲೇ ಯೊಹಾನೆಸ್ ಕೆಪ್ಲರ್ ಬರೆದಿದ್ದ. ಅದೇ ಕೆಪ್ಲರ್, ಗ್ರಹಗಳ ಓಟದ ಲೆಕ್ಕ ಹಾಕಿದವನು.

‘ಮಿದುಳು ಅದನ್ನು ತಿರುಗಿಸಿ ನಿಲ್ಲಿಸುತ್ತದೆ’ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಈ ಉತ್ತರ ಅಷ್ಟು ಸರಿ ಅನಿಸುವುದಿಲ್ಲ. ಮಿದುಳಿನೊಳಗೆ ಕೂತು ಆ ಬಿಂಬವನ್ನು ನೋಡುವ ಇನ್ನೊಂದು ಕಣ್ಣು ಇಲ್ಲವಲ್ಲ. ರೆಟಿನಾದ ಕೆಳಭಾಗದಿಂದ ಸುದ್ದಿ ಬಂದರೆ ವಸ್ತು ಮೇಲಿದೆ ಅಂತ ಅರ್ಥ, ಅಷ್ಟೇ. ಆ ಕಡೆ ಕೈ ಚಾಚಿದರೆ ವಸ್ತು ಸಿಗುತ್ತದೆ. ತಿರುಗಿಸಬೇಕಾದ್ದು ಏನೂ ಉಳಿಯುವುದಿಲ್ಲ.

1890ರ ದಶಕದಲ್ಲಿ ಜಾರ್ಜ್ ಸ್ಟ್ರಾಟನ್ ಎಂಬ ಅಮೆರಿಕದ ಮನೋವಿಜ್ಞಾನಿ ಎಲ್ಲವನ್ನೂ ಬುಡಮೇಲು ತೋರಿಸುವ ಮಸೂರವನ್ನು ಒಂದು ಕಣ್ಣಿಗೆ ಹಾಕಿಕೊಂಡು, ಇನ್ನೊಂದನ್ನು ಮುಚ್ಚಿಕೊಂಡು ಎಂಟು ದಿನ ಓಡಾಡಿದ. ಮೊದಮೊದಲು ಪರದಾಟ. ದಿನ ಕಳೆದಂತೆ ಕೈಕಾಲು ಹೊಂದಿಕೊಂಡವು. ಆಗಾಗ ಎಲ್ಲ ನೆಟ್ಟಗಿದ್ದಂತೆ ಅನಿಸಿತು ಅಂತಲೂ ಬರೆದ. ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲೂ ಜನ ಸಲೀಸಾಗಿ ಓಡಾಡಲು, ಕೆಲಸ ಮಾಡಲು ಕಲಿತರು. ಆದರೆ ನೋಟವೇ ತಿರುಗಿ ನಿಂತಿತು ಅನ್ನೋದಕ್ಕೆ ಗಟ್ಟಿ ಸಾಕ್ಷಿ ಸಿಗಲಿಲ್ಲ. ಬದಲಾದದ್ದು ಚಿತ್ರಕ್ಕೂ ಮೈಗೂ ಇದ್ದ ನಂಟು.

ಗೆರೆ ಓರೆಯಾಗಿದೆ ಅಂತ ಮಿದುಳಿಗೆ ಮೊದಲು ತಿಳಿಯುವುದು ಎಲ್ಲಿ?

ತಲೆಯ ಹಿಂಭಾಗದಲ್ಲಿ. ನೋಟದ ಸುದ್ದಿ ಮಿದುಳಿನ ಹೊರಪದರಕ್ಕೆ ಮೊದಲು ಬಂದು ಮುಟ್ಟುವ ಜಾಗ ಅಲ್ಲಿದೆ.

ರೆಟಿನಾದ ಹೆಚ್ಚಿನ ಕೋಶಗಳಿಗೆ ಓರೆ ಗೀರೆ ಗೊತ್ತಿಲ್ಲ. ಅವು ದುಂಡನೆಯ ಚಿಕ್ಕ ಜಾಗವನ್ನು ನೋಡುತ್ತವೆ. ನಡುವೆ ಬೆಳಕು, ಸುತ್ತ ಕತ್ತಲೆ ಇದ್ದರೆ ಕೆಲವು ಕೋಶ ಕೂಗುತ್ತವೆ, ಅಂದರೆ ವಿದ್ಯುತ್ತಿನ ಮಿಡಿತವಾಗಿ ಸುದ್ದಿ ಕಳಿಸುತ್ತವೆ. ಅದರ ಉಲ್ಟಾ ಇದ್ದರೆ ಇನ್ನು ಕೆಲವು. ಚುಕ್ಕಿಗೆ ಓರೆ ಎಲ್ಲಿಂದ ಬರಬೇಕು?

1958ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮಿದುಳಿನ ಒಂದೊಂದೇ ನರಕೋಶಕ್ಕೆ ಸೂಜಿಯಂಥ ತಂತಿ ಇಟ್ಟು ಅದರ ಸದ್ದು ಕೇಳುತ್ತಿದ್ದರು. ಗಾಜಿನ ಸ್ಲೈಡಿನ ಮೇಲೆ ಕಪ್ಪು ಚುಕ್ಕಿ ಅಂಟಿಸಿ ಬೆಕ್ಕಿಗೆ ತೋರಿಸುವುದು ಅವರ ಕ್ರಮ. ಗಂಟೆಗಟ್ಟಲೆ ತೋರಿಸಿದರೂ ಆ ಕೋಶ ಜಪ್ಪಯ್ಯ ಅನ್ನಲಿಲ್ಲ. ಒಂದು ಸಲ ಸ್ಲೈಡು ತೂರಿಸುವಾಗ ಇದ್ದಕ್ಕಿದ್ದಂತೆ ಪಟಪಟ ಅಂತ ಸದ್ದು ಬಂತು. ಚುಕ್ಕಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಸ್ಲೈಡಿನ ಅಂಚಿನ ನೆರಳು ಪರದೆಯ ಮೇಲೆ ತೆಳ್ಳನೆಯ ಗೆರೆಯಾಗಿ ಸರಿದಿತ್ತು. ಆ ಗೆರೆ ಒಂದು ಗೊತ್ತಾದ ಓರೆಯಲ್ಲಿ ಇದ್ದಾಗ ಮಾತ್ರ ಕೋಶ ಕೂಗುತ್ತಿತ್ತು. ಸ್ವಲ್ಪ ತಿರುಗಿಸಿದರೆ ಸದ್ದು ಇಳಿಯುತ್ತಿತ್ತು. ಅಡ್ಡ ತಿರುಗಿಸಿದರೆ ಪೂರ್ತಿ ಸುಮ್ಮನೆ.

ಚುಕ್ಕಿ ನೋಡುವ ಹಲವು ಕೋಶಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ, ಅವುಗಳ ಸುದ್ದಿಯನ್ನು ಒಂದೇ ಕೋಶಕ್ಕೆ ಕೊಟ್ಟರೆ ಆ ಕೋಶ ಗೆರೆ ಹಿಡಿಯುತ್ತದೆ. ಇದು ಅವರಿಬ್ಬರು ಕೊಟ್ಟ ವಿವರಣೆ. ಸರಳ ಉಪಾಯ, ಆದರೂ ಇವತ್ತಿಗೂ ತಿರುಳು ಅದೇ. ಒಂದೇ ಓರೆಯನ್ನು ಇಷ್ಟಪಡುವ ಕೋಶಗಳು ಮಿದುಳಿನಲ್ಲಿ ಒಂದರ ಕೆಳಗೊಂದು ಕಂಬದ ಹಾಗೆ ನಿಂತಿರುತ್ತವೆ ಅಂತಲೂ ಅವರು ಕಂಡುಕೊಂಡರು. ಪಕ್ಕದ ಕಂಬಕ್ಕೆ ಸರಿದರೆ ಓರೆ ಕೊಂಚ ಬದಲು. ಸುಮಾರು ಒಂದು ಮಿಲಿಮೀಟರ್ ಸರಿಯುವಷ್ಟರಲ್ಲಿ ಒಂದು ಸುತ್ತು ಮುಗಿದಿರುತ್ತದೆ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅಂದರೆ ಪ್ರತಿ ಡಿಗ್ರಿಗೂ ಒಂದು ಬೇರೆ ಕೋಶ ಇದೆಯಾ?

ಇಲ್ಲ, ಬೇಕಾಗಿಯೂ ಇಲ್ಲ. ನೆಟ್ಟನೆಯ ಗೆರೆ ಇಷ್ಟಪಡುವ ಕೋಶ 10 ಡಿಗ್ರಿ ವಾಲಿದ ಗೆರೆಗೂ ಸ್ವಲ್ಪ ಕೂಗುತ್ತದೆ. ಒಂದೇ ಕೋಶವನ್ನು ನಂಬಿದರೆ ಏನೂ ತಿಳಿಯದು. ಗೆರೆ ಮಸುಕಾಗಿದ್ದರೂ ಅದರ ಕೂಗು ಸಣ್ಣದಾಗುತ್ತದೆ, ವಾಲಿದ್ದರೂ ಸಣ್ಣದಾಗುತ್ತದೆ. ಮಿದುಳು ಇಡೀ ಗುಂಪಿನ ಕೂಗು ಕೇಳಿಸಿಕೊಂಡು, ಸದ್ದು ಎತ್ತ ಜಾಸ್ತಿ ಇದೆ ಅಂತ ಅಂದಾಜು ಮಾಡುತ್ತದೆ. ಹಾಗಾಗಿ ಒಂದೊಂದು ಕೋಶ ಒರಟಾಗಿದ್ದರೂ ಅಂದಾಜು ನಯವಾಗಿರುತ್ತದೆ.

ನೆಟ್ಟನೆ, ಅಡ್ಡ ಗೆರೆ ಸ್ವಲ್ಪ ವಾಲಿದರೂ ತಿಳಿಯುತ್ತದೆ. ಮೂಲೆಯಿಂದ ಮೂಲೆಗೆ ಎಳೆದ ಗೆರೆ ವಾಲಿದರೆ ತಿಳಿಯುವುದಿಲ್ಲ. ಯಾಕೆ?

ಸುಮ್ನೆ ಅನಿಸಿಕೆಯಲ್ಲ, ಅಳೆದು ನೋಡಿರುವ ಸಂಗತಿ. ಅಭ್ಯಾಸ ಇರುವವರು ನೆಟ್ಟನೆ ಅಥವಾ ಅಡ್ಡ ಗೆರೆಯ ಸುತ್ತ ಒಂದು ಡಿಗ್ರಿಗಿಂತ ಕಡಿಮೆ ವ್ಯತ್ಯಾಸವನ್ನೂ ಹಿಡಿಯುತ್ತಾರೆ. ಗಡಿಯಾರದ ಮುಖದ ಮೇಲೆ ಒಂದು ನಿಮಿಷದ ಅಂತರ 6 ಡಿಗ್ರಿ. ಅದರ ಆರನೇ ಒಂದು ಪಾಲು ಅಂದುಕೊಳ್ಳಿ. 45 ಡಿಗ್ರಿ ಗೆರೆಯ ಹತ್ತಿರ ಅದೇ ಜನ ಹಲವು ಪಟ್ಟು ಜಾಸ್ತಿ ತಪ್ಪುತ್ತಾರೆ. ಆಸ್ಟ್ರಿಯದ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್ 1861ರಲ್ಲೇ ಇಂಥದ್ದನ್ನು ಗಮನಿಸಿದ್ದ.

ಕಾರಣ ಎರಡು ಕಡೆಯಿಂದ ಬರುತ್ತದೆ. ನೆಟ್ಟನೆ ಮತ್ತು ಅಡ್ಡ ಓರೆಗೆ ಮಿದುಳಿನಲ್ಲಿ ಕೋಶಗಳು ಹೆಚ್ಚಿವೆ, ಅವುಗಳ ಆಯ್ಕೆಯೂ ಚುರುಕು. ಹಾಗೇಕೆ ಅಂದರೆ ಜಗತ್ತೇ ಹಾಗಿದೆ. ದಿಗಂತ ಅಡ್ಡ, ಮರ ನೆಟ್ಟಗೆ, ಬಾಗಿಲು ಕಿಟಕಿ ಎರಡೂ. ಬೇರೆ ಬೇರೆ ದೃಶ್ಯಗಳ ಫೋಟೋಗಳಲ್ಲಿ ಅಂಚುಗಳ ಓರೆ ಎಣಿಸಿದವರು ಈ ಎರಡೇ ಜಾಸ್ತಿ ಅಂತ ಕಂಡಿದ್ದಾರೆ. ಗೆರೆ ಮಸುಕಾಗಿದ್ದರೆ ನಮ್ಮ ಅಂದಾಜು ಕೂಡ ಇವೆರಡರ ಕಡೆಗೇ ಜಾರುತ್ತದೆ. ಹೆಚ್ಚು ಸಲ ಕಂಡದ್ದರ ಮೇಲೆ ಮಿದುಳು ಪಣ ಕಟ್ಟುತ್ತದೆ ಅನ್ನಬಹುದು.

ತಲೆ ವಾಲಿಸಿದರೆ ಮನೆ ಯಾಕೆ ವಾಲುವುದಿಲ್ಲ?

ಈಗಲೇ ಮಾಡಿ ನೋಡಿ. ಕಿವಿ ಭುಜಕ್ಕೆ ತಾಗುವಷ್ಟು ತಲೆ ಬಗ್ಗಿಸಿ. ರೆಟಿನಾ ಮೇಲೆ ಬಾಗಿಲಿನ ಬಿಂಬ ಚೆನ್ನಾಗಿಯೇ ತಿರುಗಿದೆ. ಬಾಗಿಲು ಮಾತ್ರ ನೆಟ್ಟಗೇ ಇದೆ ಅನಿಸುತ್ತದೆ, ಅಲ್ವಾ?

ತಲೆ ಎಷ್ಟು ವಾಲಿದೆ ಅನ್ನುವ ಸುದ್ದಿ ಒಳಗಿವಿಯಿಂದ ಬರುತ್ತದೆ. ಅಲ್ಲಿ ಎರಡು ಪುಟ್ಟ ಚೀಲಗಳಿವೆ. ಅವುಗಳಲ್ಲಿ ಲೋಳೆಯ ಹಾಸಿನ ಮೇಲೆ ಸುಣ್ಣದ ಹರಳುಗಳು ಕೂತಿರುತ್ತವೆ. ತಲೆ ವಾಲಿದಾಗ ಭಾರಕ್ಕೆ ಹಾಸು ಜಾರಿ, ಕೆಳಗಿನ ಕೂದಲಿನಂಥ ಕೋಶಗಳನ್ನು ಬಗ್ಗಿಸುತ್ತದೆ. ಗಾರೆ ಕೆಲಸದವರು ದಾರಕ್ಕೆ ಗುಂಡು ಕಟ್ಟಿ ಗೋಡೆ ನೋಡುವ ಹಾಗೆ. ಕುತ್ತಿಗೆಯ ಸ್ನಾಯುಗಳೂ ಸುದ್ದಿ ಕೊಡುತ್ತವೆ. ಮಿದುಳು ಇದನ್ನೆಲ್ಲ ಬಿಂಬದ ಓರೆಯಿಂದ ಕಳೆಯುತ್ತದೆ. ಕಣ್ಣುಗುಡ್ಡೆಗಳೂ ಎದುರು ದಿಕ್ಕಿಗೆ ಚೂರು ತಿರುಗುತ್ತವೆ. ತಲೆಯ ಓರೆಯ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಉಳಿದದ್ದೆಲ್ಲ ಲೆಕ್ಕದಲ್ಲೇ ಸರಿಯಾಗಬೇಕು.

ಈ ಲೆಕ್ಕ ಪಕ್ಕಾ ಅಲ್ಲ ಅಂತ ತೋರಿಸಿದವನು ಹರ್ಮನ್ ಔಬರ್ಟ್, 1861ರಲ್ಲಿ. ಪೂರ್ತಿ ಕತ್ತಲ ಕೋಣೆಯಲ್ಲಿ ಹೊಳೆಯುವ ಒಂದೇ ಒಂದು ನೆಟ್ಟನೆಯ ಗೆರೆ ಇಟ್ಟು, ತಲೆಯನ್ನು ಪೂರ್ತಿ ಪಕ್ಕಕ್ಕೆ ಬಗ್ಗಿಸಿ ನೋಡಿದರೆ ಗೆರೆ ತಲೆಯ ಎದುರು ದಿಕ್ಕಿಗೆ ವಾಲಿದಂತೆ ಕಾಣುತ್ತದೆ. ದೀಪ ಹಾಕಿದರೆ ಮತ್ತೆ ನೆಟ್ಟಗೆ. ನಮ್ಮ ‘ನೆಟ್ಟಗೆ’ ಎಷ್ಟರಮಟ್ಟಿಗೆ ಗೋಡೆ, ಬಾಗಿಲುಗಳ ಆಸರೆಯಲ್ಲಿ ನಿಂತಿದೆ ಅಂತ ಇಲ್ಲಿ ಗೊತ್ತಾಗುತ್ತದೆ.

ಕಣ್ಣು ಒಂದು ಹೇಳಿ, ಒಳಗಿವಿ ಇನ್ನೊಂದು ಹೇಳಿದರೆ?

ಆಗ ಮಜಾ ಶುರು. ಕೆಲವೊಮ್ಮೆ ಅಪಾಯ ಕೂಡ.

1940ರ ದಶಕದಲ್ಲಿ ಹರ್ಮನ್ ವಿಟ್ಕಿನ್ ಮತ್ತು ಸಾಲಮನ್ ಆಶ್ ಕತ್ತಲಲ್ಲಿ ಹೊಳೆಯುವ ಚೌಕಟ್ಟು ಇಟ್ಟು, ಅದರೊಳಗೆ ಒಂದು ಕೋಲು ಇಟ್ಟರು. ಚೌಕಟ್ಟನ್ನು ವಾಲಿಸಿ, ‘ಕೋಲನ್ನು ನೆಟ್ಟಗೆ ನಿಲ್ಲಿಸಿ’ ಅಂದರು. ಹೆಚ್ಚಿನವರು ಕೋಲನ್ನು ಚೌಕಟ್ಟಿನ ಕಡೆಗೆ ಕೊಂಚ ವಾಲಿಸಿಯೇ ನಿಲ್ಲಿಸಿದರು. ಕೆಲವರದು ಸಣ್ಣ ತಪ್ಪು, ಕೆಲವರದು ದೊಡ್ಡದು. ಈ ವ್ಯತ್ಯಾಸದ ಮೇಲೆ ವಿಟ್ಕಿನ್ ಮುಂದೆ ವ್ಯಕ್ತಿತ್ವದ ದೊಡ್ಡ ಸಿದ್ಧಾಂತವನ್ನೇ ಕಟ್ಟಿದ. ಅಷ್ಟೆಲ್ಲ ಬೇಕಿತ್ತಾ ಅನಿಸುತ್ತದೆ ನನಗೆ. ಪ್ರಯೋಗ ಮಾತ್ರ ಬಹಳ ಚೆನ್ನಾಗಿದೆ.

‘ಮ್ಯಾಗ್ನೆಟಿಕ್ ಹಿಲ್’ ಅಂತ ಕರೆಯುವ ಜಾಗಗಳ ಗುಟ್ಟೂ ಇದೇ. ಲಡಾಖ್‌ನ ಲೇಹ್ ಹತ್ತಿರ ಒಂದಿದೆ, ಕೆನಡಾದ ಮಾಂಕ್ಟನ್‌ನಲ್ಲಿ ಒಂದಿದೆ. ನ್ಯೂಟ್ರಲ್‌ಗೆ ಹಾಕಿ ನಿಲ್ಲಿಸಿದ ಗಾಡಿ ತಾನಾಗಿ ಏರು ಹತ್ತಿದಂತೆ ಕಾಣುತ್ತದೆ. ಆಯಸ್ಕಾಂತವೂ ಇಲ್ಲ, ಮಾಟವೂ ಇಲ್ಲ. ನಿಜವಾದ ದಿಗಂತ ಕಾಣದ ಕಡೆ ಸುತ್ತಲಿನ ಇಳಿಜಾರುಗಳೇ ಚೌಕಟ್ಟಾಗಿ ನಿಲ್ಲುತ್ತವೆ. ಅದಕ್ಕೆ ಹೋಲಿಸಿದಾಗ ಸಣ್ಣ ಇಳಿಜಾರು ಏರಿನಂತೆ ತೋರುತ್ತದೆ.

ವಿಮಾನ ಓಡಿಸುವವರಿಗೆ ಇದು ತಮಾಷೆಯಲ್ಲ. ಮೋಡದೊಳಗೆ ದಿಗಂತ ಇಲ್ಲ. ವಿಮಾನ ಮೆಲ್ಲಗೆ ಒಂದು ಪಕ್ಕಕ್ಕೆ ವಾಲುತ್ತಾ ಹೋದರೆ ಒಳಗಿವಿಗೆ ತಿಳಿಯುವುದಿಲ್ಲ. ಆಮೇಲೆ ಸರಿಮಾಡಿದಾಗ, ಈಗ ಎದುರು ಪಕ್ಕಕ್ಕೆ ವಾಲುತ್ತಿದ್ದೇವೆ ಅಂತ ಅನಿಸಿಬಿಡುತ್ತದೆ. ಓರೆಯಾದ ಮೋಡದ ಅಂಚನ್ನೇ ದಿಗಂತ ಅಂದುಕೊಳ್ಳುವುದೂ ಉಂಟು. ಅದಕ್ಕೇ ಅವರಿಗೆ ಮೊದಲು ಕಲಿಸುವ ಪಾಠಗಳಲ್ಲೊಂದು: ಮೈ ಏನೇ ಹೇಳಲಿ, ಮುಂದಿರುವ ಉಪಕರಣ ನಂಬು.

ಸಮವಾಗಿ ಎಳೆದ ಗೆರೆಗಳು ಸೊಟ್ಟಗೆ ಕಾಣುವ ಚಿತ್ರಗಳಲ್ಲಿ ಏನು ನಡೆಯುತ್ತದೆ?

1860ರಲ್ಲಿ ಜರ್ಮನಿಯ ಯೋಹಾನ್ ಜೋಲ್ನರ್ ಉದ್ದ ಗೆರೆಗಳ ಮೇಲೆ ಚಿಕ್ಕ ಚಿಕ್ಕ ಓರೆಗೀಟು ಹಾಕಿದ ಒಂದು ವಿನ್ಯಾಸ ತೋರಿಸಿದ. ಉದ್ದ ಗೆರೆಗಳು ಎಲ್ಲೂ ಕೂಡುವುದಿಲ್ಲ, ಆದರೂ ಒಂದಕ್ಕೊಂದು ಹತ್ತಿರ ಬರುತ್ತಿವೆ ಅನಿಸುತ್ತದೆ. ಪಕ್ಕಪಕ್ಕದ ಓರೆಗಳ ಕೋಶಗಳು ಒಂದನ್ನೊಂದು ಅದುಮುತ್ತವೆ. ಹಾಗಾಗಿ ಎರಡು ಗೆರೆಗಳ ನಡುವಿನ ಸಣ್ಣ ಕೋನ ಇರುವುದಕ್ಕಿಂತ ದೊಡ್ಡದಾಗಿ ತೋರುತ್ತದೆ. ಕಾರಣ ಇದೊಂದೇ ಅಲ್ಲ, ಆದರೆ ಮುಖ್ಯವಾದದ್ದು.

ಇದಕ್ಕಿಂತ ನನಗೆ ಇಷ್ಟವಾದದ್ದು 2007ರಲ್ಲಿ ಮೂವರು ಸಂಶೋಧಕರು ತೋರಿಸಿದ ಪೀಸಾ ಗೋಪುರದ ಭ್ರಮೆ. ವಾಲಿದ ಗೋಪುರದ ಒಂದೇ ಫೋಟೋದ ಎರಡು ಪ್ರತಿ ಪಕ್ಕಪಕ್ಕ ಇಡಿ. ಒಂದು ಇನ್ನೊಂದಕ್ಕಿಂತ ಜಾಸ್ತಿ ವಾಲಿದಂತೆ ಕಾಣುತ್ತದೆ! ಕೆಳಗಿನಿಂದ ನೋಡಿದರೆ ಅಕ್ಕಪಕ್ಕದ ನಿಜ ಗೋಪುರಗಳು ಮೇಲೆ ಹೋದಂತೆ ಹತ್ತಿರ ಬರಬೇಕು. ಇಲ್ಲಿ ಬರುತ್ತಿಲ್ಲ. ಹಾಗಾದರೆ ಅವು ದೂರ ದೂರ ವಾಲಿರಬೇಕು ಅಂತ ಮಿದುಳಿನ ತೀರ್ಮಾನ. ಇದು ಎರಡು ಗೋಪುರಗಳ ಒಂದೇ ದೃಶ್ಯವಲ್ಲ, ಒಂದೇ ಫೋಟೋದ ಎರಡು ಪ್ರತಿ ಅಂತ ಅದಕ್ಕೆ ಯಾರು ಹೇಳಬೇಕು?

ಓರೆ ಗೆರೆ ಬಹಳ ಹೊತ್ತು ನೋಡಿದ ಮೇಲೆ ನೆಟ್ಟನೆಯ ಗೆರೆಯೂ ವಾಲಿದಂತೆ ಕಾಣುತ್ತದೆ. ಕಣ್ಣಿಗೆ ತೊಂದರೆಯಾ?

ತೊಂದರೆ ಏನಿಲ್ಲ. ಜೇಮ್ಸ್ ಗಿಬ್ಸನ್ 1930ರ ದಶಕದಲ್ಲಿ ಇದನ್ನು ಅಳೆದು ಬರೆದಿದ್ದಾನೆ. ಬಲಕ್ಕೆ ಸುಮಾರು 15 ಡಿಗ್ರಿ ವಾಲಿದ ಪಟ್ಟೆಗಳನ್ನು ಒಂದು ನಿಮಿಷ ದಿಟ್ಟಿಸಿ. ಆಮೇಲೆ ನೆಟ್ಟನೆಯ ಪಟ್ಟೆ ನೋಡಿ. ಎಡಕ್ಕೆ ವಾಲಿದಂತೆ ಕಾಣುತ್ತದೆ. ಬಲ ಓರೆಯ ಕೋಶಗಳ ಕೂಗು ತಗ್ಗಿರುವುದರಿಂದ ಗುಂಪಿನ ಅಂದಾಜು ಎಡಕ್ಕೆ ಜಾರಿದೆ. ಒಂದು ಕಣ್ಣಲ್ಲಿ ದಿಟ್ಟಿಸಿ ಇನ್ನೊಂದರಲ್ಲಿ ನೋಡಿದರೂ ಹೀಗೇ ಆಗುತ್ತದೆ. ಅಲ್ಲಿಗೆ ಕೆಲಸ ರೆಟಿನಾದ್ದಲ್ಲ, ಎರಡೂ ಕಣ್ಣಿನ ಸುದ್ದಿ ಕೂಡುವ ಮಿದುಳಿನದು ಅಂತಾಯಿತು.

ಚೌಕವನ್ನು ತಿರುಗಿಸಿದರೆ ವಜ್ರವಾಗುತ್ತದೆ. ಆಕಾರ ಅದೇ ಅಲ್ವಾ?

ಅದೇ. ಇಸ್ಪೀಟಿನ ಡೈಮಂಡಿನ ಹಾಗೆ ಮೂಲೆಯ ಮೇಲೆ ನಿಂತ ಚೌಕವನ್ನು ನಾವು ಬೇರೆಯೇ ಆಕಾರವಾಗಿ ಕಾಣುತ್ತೇವೆ. ಮಾಖ್ ಇದನ್ನೂ ಎತ್ತಿ ತೋರಿಸಿದ್ದ. ಈಗ ಹಾಳೆಯನ್ನು ಹಾಗೇ ಬಿಟ್ಟು ನಿಮ್ಮ ತಲೆಯನ್ನು 45 ಡಿಗ್ರಿ ವಾಲಿಸಿ. ರೆಟಿನಾ ಮೇಲೆ ಚೌಕ ವಜ್ರವಾಗಿದೆ, ನಿಮಗೆ ಮಾತ್ರ ಚೌಕವಾಗಿಯೇ ಕಾಣುತ್ತದೆ. ಇಲ್ಲಿ ಮೇಲು ಕೆಳಗು ತೀರ್ಮಾನಿಸಿದ್ದು ಕಣ್ಣಲ್ಲ, ಸುತ್ತಲಿನ ಜಗತ್ತು.

ತಲೆಕೆಳಗಾದ ಫೋಟೋದಲ್ಲಿ ಗುರುತಿನವರ ಮುಖವೂ ತಿಳಿಯುವುದಿಲ್ಲ. ಯಾಕೆ?

ತಲೆಕೆಳಗಾದರೆ ಎಲ್ಲ ವಸ್ತುಗಳೂ ಸ್ವಲ್ಪ ಕಷ್ಟವೇ. ಆದರೆ ಮನೆ, ವಿಮಾನಗಳಿಗಿಂತ ಮುಖಕ್ಕೆ ಪೆಟ್ಟು ಬಹಳ ಜಾಸ್ತಿ ಅಂತ ರಾಬರ್ಟ್ ಯಿನ್ 1969ರಲ್ಲಿ ತೋರಿಸಿದ. ಮುಖವನ್ನು ನಾವು ಬಿಡಿಬಿಡಿಯಾಗಿ ಓದುವುದಿಲ್ಲ. ಕಣ್ಣು, ಮೂಗು, ಬಾಯಿಗಳ ನಡುವಿನ ಅಂತರ, ಹೊಂದಾಣಿಕೆ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತೇವೆ. ಈ ಚಾಕಚಕ್ಯತೆ ನೆಟ್ಟಗಿನ ಮುಖಕ್ಕೆ ಮಾತ್ರ.

1980ರಲ್ಲಿ ಪೀಟರ್ ಥಾಂಪ್ಸನ್, ಆಗ ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಫೋಟೋ ತೆಗೆದುಕೊಂಡು ಕಣ್ಣು ಬಾಯಿಗಳನ್ನಷ್ಟೇ ಕತ್ತರಿಸಿ ತಲೆಕೆಳಗಾಗಿ ಅಂಟಿಸಿದ. ಇಡೀ ಫೋಟೋ ತಲೆಕೆಳಗಾಗಿ ಹಿಡಿದರೆ ಅಂಥದ್ದೇನೂ ಅನಿಸದು. ನೆಟ್ಟಗೆ ತಿರುಗಿಸಿದರೆ ಬೆಚ್ಚಿಬೀಳಬೇಕು.

ಚೌಕದ ವಿಷಯಕ್ಕೂ ಮುಖದ ವಿಷಯಕ್ಕೂ ಒಂದು ವ್ಯತ್ಯಾಸ ಇದೆ. ಮುಖ ಮತ್ತು ಅಕ್ಷರಗಳಿಗೆ ಕಣ್ಣಿನ ಲೆಕ್ಕದ ಮೇಲು ಕೆಳಗು ಬೇಕು. ಮಗ್ಗುಲಾಗಿ ಮಲಗಿ ಓದುವಾಗ ಪುಸ್ತಕವನ್ನೂ ವಾಲಿಸಿ ಹಿಡಿಯುತ್ತೀರಲ್ಲ, ಅದು ಇದಕ್ಕೇ.

ತಿರುಗಿಸಿಟ್ಟ ಎರಡು ವಸ್ತು ಒಂದೇನಾ ಅಂತ ನೋಡುವಾಗ ತಲೆಯೊಳಗೆ ನಿಜಕ್ಕೂ ತಿರುಗಿಸುತ್ತೇವಾ?

ಹಾಗೇ ಕಾಣುತ್ತದೆ. ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಸ್ಲರ್ 1971ರಲ್ಲಿ ಘನಗಳನ್ನು ಜೋಡಿಸಿದ ಆಕಾರಗಳ ಜೋಡಿ ತೋರಿಸಿ, ಎರಡೂ ಒಂದೇನಾ ಅಂತ ಕೇಳಿದರು. ನಡುವಿನ ಕೋನ ಹೆಚ್ಚಾದಷ್ಟೂ ಉತ್ತರಕ್ಕೆ ಹಿಡಿದ ಸಮಯ ಒಂದೇ ಸಮನೆ ಏರಿತು. ಸೆಕೆಂಡಿಗೆ ಸುಮಾರು 60 ಡಿಗ್ರಿ ತಿರುಗಿಸುವ ಲೆಕ್ಕ.

ಮಕ್ಕಳು ಇಂಗ್ಲಿಷಿನ ಸಣ್ಣ ‘ಬಿ’ ಮತ್ತು ‘ಡಿ’ ಅದಲುಬದಲು ಮಾಡುತ್ತಾರೆ. ಕಣ್ಣಿನ ದೋಷವಾ?

ಹೆಚ್ಚಿನ ಮಕ್ಕಳಲ್ಲಿ ಅಲ್ಲ. ಜಗತ್ತಿನಲ್ಲಿ ಒಂದು ಬಟ್ಟಲಿನ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಅದೇ ಬಟ್ಟಲು. ಎಡ ಬಲ ಮರೆಯುವುದೇ ಅಲ್ಲಿ ಜಾಣತನ. ಅಕ್ಷರಕ್ಕೆ ಬಂದಾಗ ಈ ಜಾಣತನ ಕೈಕೊಡುತ್ತದೆ. ಓದು ಬರಹ ರೂಢಿಯಾದಂತೆ ಹೆಚ್ಚಿನವರಲ್ಲಿ ತಾನೇ ಹೋಗುತ್ತದೆ.

ಏರುದಾರಿ ಇರುವುದಕ್ಕಿಂತ ಕಡಿದಾಗಿ ಕಾಣುತ್ತದೆಯಾ?

ಕಾಣುತ್ತದೆ, ಅದೂ ಬಹಳ. ಡೆನ್ನಿಸ್ ಪ್ರಾಫಿಟ್ ಮತ್ತು ಜೊತೆಯವರು 1995ರಲ್ಲಿ ಬರೆದಂತೆ, 5 ಡಿಗ್ರಿ ಏರನ್ನು ಜನ ಬಾಯಲ್ಲಿ 20 ಡಿಗ್ರಿಯ ಹತ್ತಿರ ಹೇಳುತ್ತಾರೆ. ಆದರೆ ಅಂಗೈ ಕೆಳಗೆ ಹಲಗೆ ಇಟ್ಟು, ಕೈಯನ್ನು ನೋಡದೆ ಅಷ್ಟೇ ಓರೆ ಮಾಡಿ ಅಂದರೆ ತಪ್ಪು ತುಂಬ ಕಡಿಮೆ. ಬಾಯಿಗಿಂತ ಕೈಗೆ ಚೆನ್ನಾಗಿ ಗೊತ್ತು.

ಇದೇ ಮಾತಿಗೆ ಇನ್ನೂ ಗಟ್ಟಿಯಾದ ಸಾಕ್ಷಿ ಇದೆ. ಕಾರ್ಬನ್ ಮಾನಾಕ್ಸೈಡ್ ವಿಷದಿಂದ ಮಿದುಳಿಗೆ ಪೆಟ್ಟಾದ ಒಬ್ಬ ಮಹಿಳೆಯನ್ನು ಮೆಲ್ವಿನ್ ಗುಡೇಲ್, ಡೇವಿಡ್ ಮಿಲ್ನರ್ ಮುಂತಾದವರು ಪರೀಕ್ಷಿಸಿ 1991ರಲ್ಲಿ ಬರೆದರು. ಎದುರಿನ ಸೀಳು ಎತ್ತ ವಾಲಿದೆ ಅಂತ ಆಕೆಗೆ ಹೇಳಲು ಆಗುತ್ತಿರಲಿಲ್ಲ. ಕೈಯಲ್ಲಿದ್ದ ಕಾರ್ಡನ್ನು ಅದೇ ಓರೆಗೆ ತಿರುಗಿಸಿ ತೋರಿಸಲೂ ಆಗುತ್ತಿರಲಿಲ್ಲ. ‘ಕಾಗದ ಪೋಸ್ಟ್ ಮಾಡುವ ಹಾಗೆ ಒಳಗೆ ಹಾಕಿ’ ಅಂದರೆ ಕೈ ದಾರಿಯಲ್ಲೇ ಸರಿಯಾಗಿ ತಿರುಗಿ ಕಾರ್ಡು ಒಳಗೆ ಹೋಗುತ್ತಿತ್ತು. ವಸ್ತುವನ್ನು ಗುರುತಿಸಲು ಓರೆಯ ಲೆಕ್ಕ ಒಂದು ದಾರಿಯಲ್ಲಿ ಹೋಗುತ್ತದೆ, ಕೈಗೆ ಬೇಕಾದ ಲೆಕ್ಕ ಇನ್ನೊಂದು ದಾರಿಯಲ್ಲಿ. ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಬೆರಗಾಗಿಸಿದ್ದು ಇದು.

ಈ ಶಕ್ತಿ ಹುಟ್ಟಿನಿಂದ ಬರುತ್ತದಾ, ಕಲಿತದ್ದಾ?

ಎರಡೂ. ಓರೆ ಬೇರೆ ಬೇರೆ ಅಂತ ಹಸುಗೂಸಿಗೂ ತಿಳಿಯುತ್ತದೆ. ಆದರೆ ಬಳಸದಿದ್ದರೆ ಉಳಿಯುವುದಿಲ್ಲ. ಕಾಲಿನ್ ಬ್ಲೇಕ್‌ಮೋರ್ ಮತ್ತು ಗ್ರಹಾಂ ಕೂಪರ್ 1970ರಲ್ಲಿ, ಬರೀ ನೆಟ್ಟನೆ ಅಥವಾ ಬರೀ ಅಡ್ಡ ಪಟ್ಟೆ ಕಾಣುವಂತೆ ಬೆಳೆಸಿದ ಬೆಕ್ಕಿನ ಮರಿಗಳ ಬಗ್ಗೆ ಬರೆದರು. ಕಾಣದ ಓರೆಗೆ ಅವು ಮೊದಮೊದಲು ಕುರುಡಾದಂತೆ ವರ್ತಿಸಿದವು. ಮುಂದಿನ ಪ್ರಯೋಗಗಳಲ್ಲಿ ಪರಿಣಾಮ ಅಷ್ಟು ಜೋರಾಗಿ ಕಾಣಲಿಲ್ಲ, ಆದರೆ ಸುಳ್ಳಾಗಲೂ ಇಲ್ಲ.

ಮನುಷ್ಯರಲ್ಲಿ ಇದಕ್ಕೆ ಹತ್ತಿರದ್ದು ಅಸ್ಟಿಗ್ಮ್ಯಾಟಿಸಂ. ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಮತ್ತು ‘ಆಕ್ಸಿಸ್’ ಅಂತ ಇರುತ್ತದಲ್ಲ, ಅದು. ಆಕ್ಸಿಸ್ ಅಂದರೆ 180 ಡಿಗ್ರಿವರೆಗಿನ ಒಂದು ಓರೆ. ಈ ದೋಷ ಇದ್ದ ಕಣ್ಣಿಗೆ ಒಂದು ಓರೆಯ ಗೆರೆಗಳು ಉಳಿದವಕ್ಕಿಂತ ಮಸುಕು. ದೋಷ ಜಾಸ್ತಿ ಇದ್ದು, ಚಿಕ್ಕಂದಿನಲ್ಲಿ ಕನ್ನಡಕ ಹಾಕದೇ ಹೋದರೆ ದೊಡ್ಡವರಾದ ಮೇಲೆ ಸರಿಯಾದ ಕನ್ನಡಕ ಹಾಕಿದರೂ ಆ ಓರೆಯ ಗೆರೆಗಳು ಅಷ್ಟು ಚುರುಕಾಗಿ ಕಾಣದೇ ಇರಬಹುದು. ಮಕ್ಕಳ ಕಣ್ಣಿನ ಪರೀಕ್ಷೆ ಮುಂದೂಡಬೇಡಿ ಅನ್ನೋದು ಇದಕ್ಕೇ.

ಹೊಸ ಕನ್ನಡಕ ಹಾಕಿದ ಮೇಲೆ ನೆಲ ಓರೆಯಾಗಿ ಕಾಣುತ್ತಿದೆ. ಹೆದರಬೇಕಾ?

ಸಿಲಿಂಡರ್ ಪವರ್ ಅಥವಾ ಆಕ್ಸಿಸ್ ಬದಲಾದಾಗ ಹಾಗಾಗುತ್ತದೆ. ಮಸೂರ ಒಂದು ದಿಕ್ಕಿಗೆ ಬಿಂಬವನ್ನು ಸ್ವಲ್ಪ ಹಿಗ್ಗಿಸುತ್ತದೆ. ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಒಂದೆರಡು ವಾರ ಕಳೆದರೂ ಹೋಗದಿದ್ದರೆ ಪವರ್ ಮತ್ತು ಆಕ್ಸಿಸ್ ಮತ್ತೆ ನೋಡಿಸಿ.

ಹೊಸ ಕನ್ನಡಕ ಏನೂ ಇಲ್ಲ, ಇದ್ದಕ್ಕಿದ್ದಂತೆ ಎಲ್ಲ ವಾಲಿದಂತೆ ಕಂಡರೆ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಳಗಿವಿಯ ತೊಂದರೆ ಇರಬಹುದು, ಮಿದುಳಿನ ಬುಡಕ್ಕೆ ರಕ್ತ ಹೋಗುವುದು ನಿಂತಿರಲೂಬಹುದು. ಅಪರೂಪಕ್ಕೆ ಕೋಣೆಯೇ 90 ಡಿಗ್ರಿ ಅಥವಾ ಪೂರ್ತಿ ತಲೆಕೆಳಗಾಗಿ ತಿರುಗಿದಂತೆ ಕಂಡವರೂ ಇದ್ದಾರೆ. ಜೊತೆಗೆ ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನಡಿಗೆ ತಪ್ಪುವುದು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಲ್ಲಿ ಮಾಡುವ ಪರೀಕ್ಷೆಗಳಲ್ಲಿ ಒಂದಕ್ಕೆ ಬರೀ ಬಕೆಟ್ ಸಾಕು. ಬಕೆಟ್ಟಿನ ತಳಕ್ಕೆ ಒಳಗಡೆ ಒಂದು ಗೆರೆ ಎಳೆದಿರುತ್ತಾರೆ, ಹೊರಗಡೆ ದಾರಕ್ಕೆ ಕಟ್ಟಿದ ಗುಂಡು ಮತ್ತು ಡಿಗ್ರಿ ಪಟ್ಟಿ. ರೋಗಿ ಬಕೆಟ್ಟಿನೊಳಗೆ ಮುಖ ಇಟ್ಟು, ಬೇರೇನೂ ಕಾಣದಂತೆ ಆ ಗೆರೆಯನ್ನಷ್ಟೇ ನೋಡಬೇಕು. ವೈದ್ಯರು ಬಕೆಟ್ಟನ್ನು ಮೆಲ್ಲಗೆ ತಿರುಗಿಸುತ್ತಾರೆ. ಗೆರೆ ನೆಟ್ಟಗಾಯಿತು ಅನಿಸಿದಾಗ ‘ಸಾಕು’ ಅನ್ನಬೇಕು. ಆರೋಗ್ಯವಂತರ ತಪ್ಪು ಸಾಮಾನ್ಯವಾಗಿ ಎರಡು, ಎರಡೂವರೆ ಡಿಗ್ರಿಯೊಳಗೇ ಇರುತ್ತದೆ.